ಯುಗಾದಿಗೆ ನೀರು ಎಲ್ಲಿರುತ್ತೆ?

ಪ್ರೀತಿಯ ವೀರೇಶ,

ಕೊನೆಗೂ ದೋಣಿ ತಗೊಂಡೇಬಿಟ್ಟೆ ಅಂತ ಕೇಳಿ ಖುಷಿಯಾಯಿತು. ಹುಸೇನ್ ಸಾಗರದಲ್ಲಿ ಹಾಯಿ ಹಿಡಿಯೋದು ಕಲಿತು ಬಂದವನು ಬಳ್ಳಾರಿಯಲ್ಲಿ ಸುಮ್ನೆ ಕೂರುವುದಿಲ್ಲ ಅಂತ ನನಗೆ ಗೊತ್ತಿತ್ತು. ಒಬ್ಬನೇ ನಡೆಸಬಹುದಾದ ಚಿಕ್ಕ ಹಾಯಿದೋಣಿ, ಹಳೇ ಲೇಸರ್ ಆರಿಸಿದ್ದೂ ಒಳ್ಳೆಯದಾಯಿತು. ಈಗ ಅದನ್ನು ಎಲ್ಲಿಡೋದು ಅಂತ ಕೇಳಿದ್ದೀಯ. ನಿನ್ನ ಪಟ್ಟಿಯಲ್ಲಿ ಕಾರವಾರ ಇದೆ, ಸಣಾಪುರ ಕೆರೆ ಇದೆ, ನಾರಾಯಣಪುರ ಇದೆ, ನಮ್ಮ ತುಂಗಭದ್ರಾ ಹಿನ್ನೀರು ಇದೆ. ಜೊತೆಗೆ ಹಿನ್ನೀರಿನ ದಂಡೆಯಲ್ಲೇ ಒಂದು ತುಂಡು ಜಾಗ ಬಾಡಿಗೆಗೆ ಹಿಡಿಯುವ ಮಾತು ಬೇರೆ. ಯಾರಿಗೂ ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಪೂರ್ತಿ ಓದು. ಹಾಯಿ ನನಗೆ ನಿನ್ನಷ್ಟು ಬರಲ್ಲ. ಆದರೆ ಈ ನೀರಿನ ಪಕ್ಕದಲ್ಲೇ ಬೆಳೆದವನು ನಾನು.

ಕಾರವಾರ ಬಿಟ್ಟುಬಿಡು. ಬಳ್ಳಾರಿಯಿಂದ ಒಂದು ಕಡೆಗೇ ಆರೇಳು ತಾಸಿನ ದಾರಿ. ಶನಿವಾರ ಹೊರಟರೆ ದೋಣಿ ಮುಟ್ಟುವ ಹೊತ್ತಿಗೆ ಸಂಜೆ. ಭಾನುವಾರ ಮಧ್ಯಾಹ್ನ ಮತ್ತೆ ಗಾಡಿ ಹತ್ತಬೇಕು. ಮಳೆಗಾಲದಲ್ಲಂತೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ. ದೊಡ್ಡ ದೊಡ್ಡ ಬೋಟುಗಳೇ ದಡದಲ್ಲಿ ನಿಂತಿರುವಾಗ ನಿನ್ನ ದೋಣಿ ಆ ಸಮುದ್ರದಲ್ಲಿ ಏನು ಮಾಡುತ್ತೆ? ನಮ್ಮ ಕಡೆ ಗಾಳಿ ಚೆನ್ನಾಗಿ ಬೀಸೋದೂ ಅದೇ ತಿಂಗಳುಗಳಲ್ಲಿ.

ನಾರಾಯಣಪುರದ ನೀರು ಚೆಂದ, ಜಲದುರ್ಗದ ಕಡೆ ನೋಡೋಕೂ ಚೆಂದ. ಆದರೆ ಲಿಂಗಸುಗೂರು ದಾಟಿ ಹೋಗಬೇಕು, ಅಲ್ಲಿ ನಮ್ಮವರು ಅಂತ ಯಾರೂ ಇಲ್ಲ. ಸಣಾಪುರ ಕೆರೆ ಚಿಕ್ಕದು. ಸುತ್ತ ಬಂಡೆಗುಡ್ಡ, ಗಾಳಿ ಒಂದೊಂದು ಸಂದಿಯಿಂದ ಒಂದೊಂದು ದಿಕ್ಕಿಗೆ ನುಗ್ಗುತ್ತೆ. ಪ್ರವಾಸಿಗರನ್ನು ತುಂಬಿಕೊಂಡ ಹರಿಗೋಲುಗಳ ನಡುವೆ ಹಾಯಿ ತಿರುಗಿಸುವುದು ಬೇಡಪ್ಪ. ಅಣೆಕಟ್ಟೆ ಕೆಳಗಿನ ಹೊಳೆಯಂತೂ ಬೇಡವೇ ಬೇಡ. ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರು ನೀರುನಾಯಿಗಳಿಗೆ ಅಂತ 2015ರಲ್ಲೇ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ನೀರೊಳಗೆ ಬಂಡೆ, ಮೊಸಳೆ ಎರಡೂ ಇವೆ.

ಉಳಿದದ್ದು ಹಿನ್ನೀರು. ನಿನ್ನ ಕೈಯಲ್ಲಿರುವ ಫೋಟೋಗಳನ್ನು ನಾನೂ ನೋಡಿದೆ. ದಂಡೆಗೆ ತಾಗಿದ ಹೊಲ, ಹತ್ತು ಹೆಜ್ಜೆಯಲ್ಲಿ ನೀರು, ಪಕ್ಕದಲ್ಲಿ ಬೇವಿನ ಮರ. ಆ ಫೋಟೋ ಯಾವ ತಿಂಗಳಲ್ಲಿ ತೆಗೆದದ್ದು ಅಂತ ಕೇಳಿದೆಯಾ? ಆಗಸ್ಟ್‌ನಲ್ಲೋ ಸೆಪ್ಟೆಂಬರ್‌ನಲ್ಲೋ ಇರಬೇಕು. ಮಲೆನಾಡಿನಲ್ಲಿ ಮಳೆ ಹೊಡೆದು ತುಂಗೆ, ಭದ್ರೆ ತುಂಬಿ ಬಂದಾಗ ಇಲ್ಲಿ ಮೋಡ ಇಲ್ಲದಿದ್ದರೂ ಡ್ಯಾಂ ತುಂಬುತ್ತೆ. ತುಂಬಿದ ಮಟ್ಟ 1633 ಅಡಿ. ಆಮೇಲೆ ಕಾಲುವೆಗಳಿಗೆ ಬಿಡುತ್ತಾ ಬಿಡುತ್ತಾ ಬೇಸಿಗೆ ಕೊನೆಗೆ 40 ಅಡಿಗೂ ಜಾಸ್ತಿ ಇಳಿಯುತ್ತೆ. ಒಂದು ಕಾಲಕ್ಕೆ 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಂ, ಹೂಳು ತುಂಬಿ ಈಗ 105.788 ಟಿಎಂಸಿ ಹಿಡಿಯುತ್ತೆ. ಬೇಸಿಗೆಯಲ್ಲಿ 5 ಟಿಎಂಸಿಗಿಂತ ಕೆಳಗೆ ಹೋದ ವರ್ಷಗಳೂ ಇವೆ.

ನಲವತ್ತು ಅಡಿ ಅಂದರೆ ಎತ್ತರದ ಲೆಕ್ಕ. ನಮ್ಮ ಕೊಪ್ಪಳದ ಕಡೆಯ ದಂಡೆ ತಟ್ಟೆಯಂತೆ ಚಪ್ಪಟೆ. ನೀರು ಒಂದು ಅಡಿ ಇಳಿದರೆ ದಂಡೆ ಎಷ್ಟೋ ದೂರ ಹಿಂದೆ ಹೋಗುತ್ತೆ. ಮಾರ್ಚ್ ಹೊತ್ತಿಗೆ ಆ ಬೇವಿನ ಮರದ ಕೆಳಗೆ ನಿಂತರೆ ನೀರು ಕಣ್ಣಿಗೂ ಬೀಳದೆ ಇರಬಹುದು. ನಡುವಿನದೆಲ್ಲ ಎರೆಮಣ್ಣು. ಮೇಲೆ ಬಿರುಕು ಬಿಟ್ಟು ಗಟ್ಟಿಯಾಗಿ ಕಾಣುತ್ತೆ, ನೀರಿನ ಹತ್ತಿರ ಹೋದಂತೆ ಮೊಣಕಾಲವರೆಗೆ ಹುಗಿಯುತ್ತೆ. ಟ್ರಾಲಿ ಚಕ್ರ ಅಲ್ಲಿ ಹೋಗಲ್ಲ. ಖಾಲಿಯಾದ ನೆಲದಲ್ಲಿ ಹಳ್ಳಿಯವರು ಬಿತ್ತಿರುತ್ತಾರೆ, ಕುರಿಗಳು ಇರುತ್ತವೆ. ಯಾರದೋ ಬೆಳೆ ತುಳಿದು ದೋಣಿ ಎಳೆದುಕೊಂಡು ಹೋಗೋಕೆ ನಿನ್ನಿಂದ ಆಗುತ್ತಾ? ನನ್ನಿಂದ ಆಗಲ್ಲ.

ಅದಕ್ಕೇ ಜಾಗ ತೋರಿಸುವವರನ್ನು ಒಂದೇ ಪ್ರಶ್ನೆ ಕೇಳು: ಯುಗಾದಿಗೆ ನೀರು ಎಲ್ಲಿರುತ್ತೆ? ದಲ್ಲಾಳಿಯನ್ನು ಕೇಳಬೇಡ, ಮೀನು ಹಿಡಿಯುವವರನ್ನು ಕೇಳು. ಪಂಪ್‌ಸೆಟ್ ಇಟ್ಟವರನ್ನೂ ಕೇಳಬಹುದು. ನೀರು ಹಿಂದೆ ಸರಿದಂತೆ ಪೈಪು ಜೋಡಿಸುತ್ತಾ ಅದರ ಬೆನ್ನು ಹತ್ತುವವರು ಅವರು.

ಕ್ಯಾಲೆಂಡರ್ ನಂಬಿ ಕೂರುವಂತೆಯೂ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ನೆನಪಿದೆಯಲ್ಲ? 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಡ್ಯಾಂ ತುಂಬಿ ನಿಂತಿದ್ದ ಸಮಯ. ಒತ್ತಡ ಇಳಿಸೋಕೆ ಅಂತ ದಿನಗಟ್ಟಲೆ ಹೊಳೆಗೆ ನೀರು ಬಿಟ್ಟರು. ಹೋದ ಗೇಟಿನ ಜಾಗಕ್ಕೆ ತಾತ್ಕಾಲಿಕವಾಗಿ ಇಳಿಸುವ ತಡೆ, ಸ್ಟಾಪ್‌ಲಾಗ್ ಅನ್ನುವ ಪದ ಆಗ ನಮ್ಮೂರ ಚಹಾ ಅಂಗಡಿಯಲ್ಲೂ ಕೇಳುತ್ತಿತ್ತು. ಮರುವರ್ಷ ಹಳೇ ಗೇಟುಗಳ ಭಯಕ್ಕೆ 80 ಟಿಎಂಸಿಗೇ ನಿಲ್ಲಿಸಿದರು. ಅಂಥ ವರ್ಷದಲ್ಲಿ ದಂಡೆಗೆ ಬಾಡಿಗೆ ಕೊಟ್ಟವನ ಪಾಡು ಯೋಚನೆ ಮಾಡು.

ಹಾಗಾದರೆ ವರ್ಷವಿಡೀ ನೀರು ಇರುವ ಡ್ಯಾಂ ಬುಡಕ್ಕೇ ಹೋಗೋಣ ಅಂತೀಯಾ? ಅಲ್ಲಿ ಇನ್ನೊಂದು ತೊಡಕಿದೆ. ಮಳೆಗಾಲದ ಗಾಳಿ ನಮಗೆ ಪಶ್ಚಿಮ, ನೈಋತ್ಯದಿಂದ ಬರುತ್ತೆ. ಕಪ್ಪತಗುಡ್ಡದ ಮೇಲೆ, ಯಲಬುರ್ಗಾ ಕಡೆ ಗಾಳಿಯಂತ್ರಗಳು ಸುಮ್ನೆ ನಿಂತಿಲ್ಲ. ಹಿನ್ನೀರು ಚಾಚಿಕೊಂಡಿರೋದೂ ನೈಋತ್ಯದಿಂದ ಈಶಾನ್ಯಕ್ಕೆ, ತುದಿಯಲ್ಲಿ ಅಣೆಕಟ್ಟೆ. ಅಂದರೆ ಗಾಳಿ ನೀರಿನ ಉದ್ದಕ್ಕೂ ಓಡಿ ಬಂದು ನೇರವಾಗಿ ಗೇಟುಗಳ ಕಡೆ ತಳ್ಳುತ್ತೆ. ತಡೆಯಿಲ್ಲದ ನೀರು ಎಷ್ಟು ಉದ್ದವೋ ಅಲೆಯೂ ಅಷ್ಟು ಜೋರು. ಹಗ್ಗ ಹರಿದೋ ಚುಕ್ಕಾಣಿ ಮುರಿದೋ ನಿನ್ನ ಕೈ ತಪ್ಪಿದರೆ ದೋಣಿ ತೇಲುತ್ತಾ ಹೋಗುವುದು ಎಲ್ಲಿಗೆ? 33 ಗೇಟುಗಳಲ್ಲಿ ಕೆಲವು ಎತ್ತಿದ ದಿನವಾದರೆ ಸೆಳವೂ ಸೇರಿಕೊಳ್ಳುತ್ತೆ. ಕಾವಲಿನವರು ಅಲ್ಲಿ ಬಿಡಲ್ಲ, ಬಿಡಬಾರದು ಕೂಡ. ಹೊಸಪೇಟೆ ಕಡೆಯ ದಂಡೆ ಸ್ವಲ್ಪ ಕಡಿದಾಗಿದೆ, ಬೇಸಿಗೆಯಲ್ಲಿ ಅಷ್ಟಾಗಿ ದೂರ ಸರಿಯಲ್ಲ. ಆದರೆ ಪಶ್ಚಿಮದ ಗಾಳಿ ಹೊಡೆಯೋದು ಆ ದಂಡೆಗೇ. ಗುಡ್ಡದ ಹತ್ತಿರ ಗಾಳಿ ಒಡೆದು ಸುತ್ತುತ್ತೆ.

ಕೊಪ್ಪಳದ ಕಡೆಯಿಂದ, ಅಣೆಕಟ್ಟೆಯಿಂದ ಸಾಕಷ್ಟು ಮೇಲೆ ಇಳಿದರೆ ಕತೆ ಬೇರೆ. ಮಳೆಗಾಲದಲ್ಲಿ ಹೋಗುವಾಗಲೂ ಬರುವಾಗಲೂ ಅಡ್ಡಗಾಳಿ ಸಿಗುತ್ತೆ. ದಕ್ಷಿಣಕ್ಕೆ ಹೋಗಿ ಅದೇ ಗಾಳಿಯಲ್ಲಿ ತಿರುಗಿ ಬರಬಹುದು. ಹೊಸಬರಿಗೆ ಇದಕ್ಕಿಂತ ಸಲೀಸು ಇಲ್ಲ ಅಂತ ನೀನೇ ಹೇಳುತ್ತಿದ್ದೆ. ದಸರೆಯಿಂದ ಸಂಕ್ರಾಂತಿವರೆಗೆ ನೀರೂ ಇರುತ್ತೆ, ಗಾಳಿಯೂ ಮೆದು. ಭರಣಿ ಮಳೆ ಹೊತ್ತಿಗೆ ಮಾತ್ರ ಮಧ್ಯಾಹ್ನದ ಮೇಲೆ ನೀರಿಗೆ ಇಳಿಯಬೇಡ. ಗಾಳಿ ಎಲ್ಲಿಂದಲೋ ಬಂದು ಎತ್ತಿ ಒಗೆಯುತ್ತೆ, ಜೊತೆಗೆ ಸಿಡಿಲು.

ಇಷ್ಟೆಲ್ಲ ಕೂಡಿಸಿದರೆ ಆಗಸ್ಟ್‌ಗೆ ಒಂದು ದಂಡೆ ಬೇಕು, ಮಾರ್ಚ್‌ಗೆ ಇನ್ನೊಂದು ದಂಡೆ ಬೇಕು. ಒಂದೇ ಕಡೆ ಜಾಗ ಹಿಡಿದರೆ ಅರ್ಧ ವರ್ಷ ದುಡ್ಡು ದಂಡ. ನನ್ನ ಮಾತು ಕೇಳಿದರೆ ದೋಣಿಯನ್ನು ನೀರಿನ ಹತ್ತಿರ ಇಡಲೇಬೇಡ. ಲೇಸರ್ ಉದ್ದ 4.23 ಮೀಟರು, ಒಡಲಿನ ತೂಕ ಸುಮಾರು 59 ಕಿಲೋ. ಇಬ್ಬರು ಎತ್ತಬಹುದು. ಹಾಯಿಕಂಬ ಎರಡು ತುಂಡಾಗಿ ಬಿಚ್ಚುತ್ತೆ. ಅದಕ್ಕೆ ಬೇಕಾದದ್ದು ಹೆದ್ದಾರಿಗೆ ಹತ್ತಿರದ ಒಂದು ಬೀಗ ಹಾಕುವ ಶೆಡ್. ಅಲ್ಲಿಂದ ನೀರು ಯಾವ ಕಡೆ ಇದೆಯೋ ಆ ಕಡೆ ಟ್ರಾಲಿ ಕಟ್ಟಿಕೊಂಡು ಹೋಗು.

ಬಳ್ಳಾರಿಯ ನಿಮ್ಮ ಮನೆಯ ಮೇಲೆ ಇಡಬಹುದಲ್ಲ ಅಂತ ಅತ್ತಿಗೆ ಹೇಳಿದರಂತೆ. ಬೇಡ. ಆ ಬಿಸಿಲಿಗೆ ಹಾಯಿ ಬಟ್ಟೆ ಎರಡು ಬೇಸಿಗೆಯಲ್ಲಿ ಪುಡಿಯಾಗುತ್ತೆ. ಪ್ರತಿ ಸಲ ಮೆಟ್ಟಿಲಿಂದ ಇಳಿಸೋದು ಬೇರೆ. ಗಿಣಿಗೇರಾ ಸುತ್ತಮುತ್ತಲೂ ಬೇಡ, ಕಾರ್ಖಾನೆಗಳ ಕರಿ ಧೂಳು ಎಂಥ ತಾಡಪತ್ರಿ ಹೊದಿಸಿದರೂ ಒಳಗೆ ಬರುತ್ತೆ. ಮುನಿರಾಬಾದ್ ಹತ್ತಿರ ನಮ್ಮ ಕಾಕಾನ ಹಳೇ ಟ್ರಾಕ್ಟರ್ ಶೆಡ್ ಖಾಲಿ ಇದೆ. ತಗಡಿನ ಮಾಡು, ಆದರೆ ಮೇಲೆ ಹುಣಸೆ ಮರದ ನೆರಳು. ಬಾಡಿಗೆ ಬೇಡ ಅಂತಾರೆ ಕಾಕಾ. ನೀನು ಏನಾದರೂ ಕೊಡು, ಇಲ್ಲದಿದ್ದರೆ ಆ ಕಡೆ ಯಾರೂ ಕಣ್ಣಿಡಲ್ಲ. ನಿಮ್ಮ ಮನೆಯಿಂದ ಸುಮಾರು 70 ಕಿಲೋಮೀಟರು. ಬೆಳಿಗ್ಗೆ ಆರಕ್ಕೆ ಹೊರಟರೆ ಒಂಬತ್ತಕ್ಕೆ ನೀರಲ್ಲಿರಬಹುದು. ಹುಣ್ಣಿಮೆ ದಿನ ಮಾತ್ರ ಬರಬೇಡ, ಹುಲಿಗೆಮ್ಮನ ಭಕ್ತರಿಂದ ಆ ರಸ್ತೆಯೆಲ್ಲ ತುಂಬಿರುತ್ತೆ. ಮಂಗಳವಾರ, ಶುಕ್ರವಾರವೂ ಜನ ಜಾಸ್ತಿ, ಆದರೆ ನಿನ್ನ ರಜೆ ಭಾನುವಾರ ತಾನೇ.

ಶೆಡ್‌ನಲ್ಲಿ ಇಡುವಾಗ ನೀರು ಬಸಿಯುವ ಬಿರಡೆ ತೆಗೆದಿಡು. ನಮ್ಮ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಜೋಡಣೆ ಬಿಚ್ಚಿಕೊಳ್ಳಬಹುದು. ಹಾಯಿ ಮಡಚಬೇಡ, ಸುರುಳಿ ಸುತ್ತು, ತೊಲೆಗೆ ತೂಗುಹಾಕು. ಇಲಿ ಇವೆ. ಕಂಬದ ತುದಿಗಳಿಗೆ ಬಟ್ಟೆ ತುರುಕು, ಇಲ್ಲದಿದ್ದರೆ ಕಣಜದ ಹುಳು ಗೂಡು ಕಟ್ಟುತ್ತೆ.

ಕಂಬದ ಮಾತು ಬಂದಿದ್ದಕ್ಕೆ ಇನ್ನೊಂದು ಹೇಳಿಬಿಡುತ್ತೇನೆ, ಇದನ್ನು ತಮಾಷೆ ಮಾಡಬೇಡ. ಕಂಬ ನಿಲ್ಲಿಸಿದರೆ ಇಪ್ಪತ್ತು ಅಡಿ ಎತ್ತರದ ಅಲ್ಯೂಮಿನಿಯಂ. ದಂಡೆಯ ಹೊಲಗಳಲ್ಲಿ ಪಂಪ್‌ಸೆಟ್ ಲೈನುಗಳು ಜೋತುಬಿದ್ದಿರುತ್ತವೆ. ಮೊದಲು ತಲೆ ಎತ್ತಿ ನೋಡು, ಆಮೇಲೆ ಕಂಬ ಎತ್ತು. ತಂತಿಯ ಕೆಳಗೆ ಕಂಬ ನಿಲ್ಲಿಸಿಕೊಂಡು ದೋಣಿ ಎಳೆಯಲೇಬೇಡ.

ನೀರಿನಲ್ಲಿ ನೆರವಿಗೆ ಬರುವವರು ಯಾರು ಅನ್ನೋದೂ ಜಾಗ ಆರಿಸುವಾಗಿನ ಪ್ರಶ್ನೆಯೇ. ಹುಸೇನ್ ಸಾಗರದಲ್ಲಿ ಕ್ಲಬ್ಬಿನ ರಕ್ಷಣಾ ಬೋಟು ಇರುತ್ತಿತ್ತು. ಇಲ್ಲಿ ಇರೋದು ಮೀನುಗಾರರು. ಅವರು ಹರಿಗೋಲು ಇಳಿಸುವ ಕಡೆಯೇ ನೀನೂ ಇಳಿ. ಹೋಗುವ ಮುಂಚೆ ಎಷ್ಟೊತ್ತಿಗೆ ಬರ್ತೀನಿ ಅಂತ ಹೇಳಿ ಹೋಗು, ಕಾಯುವವನಿಗೆ ದಿನದ ಕೂಲಿ ಕೊಡು. ಬಲೆ ಎಲ್ಲಿ ಬಿಟ್ಟಿದ್ದಾರೆ ಅಂತ ಅವರೇ ತೋರಿಸುತ್ತಾರೆ. ನಿನ್ನ ದೋಣಿಯ ತಳದ ಹಲಗೆ ಒಂದು ಬಲೆ ಹರಿದರೆ ಒಬ್ಬನ ವಾರದ ದುಡಿಮೆ ಹೋಗುತ್ತೆ, ನಿನ್ನ ಮೇಲಿನ ನಂಬಿಕೆಯೂ ಹೋಗುತ್ತೆ. ನೀರು ಇಳಿದಾಗ ಮುಳುಗಡೆಯಾದ ಹಳ್ಳಿಗಳ ಗೋಡೆ, ಮರದ ಬೊಡ್ಡೆ ಎಲ್ಲಿವೆ ಅನ್ನೋದೂ ಅವರಿಗೇ ಗೊತ್ತು.

ಹಿನ್ನೀರಿಗೆ ದೋಣಿ ಇಳಿಸೋಕೆ ಡ್ಯಾಂ ನೋಡಿಕೊಳ್ಳುವವರಿಗೆ ಅರ್ಜಿ ಬರೆದು ಲಿಖಿತವಾಗಿ ಅನುಮತಿ ತಗೋ. ಬಾಯಿಮಾತು ಬೇಡ. ಅಧಿಕಾರಿ ವರ್ಗವಾದರೆ ಬಾಯಿಮಾತೂ ವರ್ಗವಾಗುತ್ತೆ.

ಈಗ ಟೇಪು ಹಿಡಿದು ಟ್ರಾಲಿಯ ಅಗಲ ಅಳೆದು ಕಳಿಸು, ಚಕ್ರ ಸೇರಿಸಿ. ದೋಣಿ ನಾಲ್ಕೂವರೆ ಅಡಿ ಅಂತ ಗೊತ್ತು. ಶೆಡ್ ಬಾಗಿಲು ಆರು ಅಡಿ ಇದೆ, ಆದರೆ ಒಂದು ಪಕ್ಕದ ಕಲ್ಲುಕಂಬ ಒಳಗೆ ವಾಲಿದೆ. ಹಿಡಿಸಲ್ಲ ಅಂದರೆ ನೀನು ಬರುವ ಮುಂಚೆ ಗೌಂಡಿಯನ್ನು ಕರೆಸಿ ಕಂಬ ಸರಿ ಮಾಡಿಸ್ತೀನಿ.

ನಿನ್ನ
ಶರಣು
ಕೊಪ್ಪಳ