ಕೆನಡಾದ ಪ್ರೇರಿ ಬಯಲಿನಲ್ಲಿ ವಂಶಾವಳಿ ಹುಡುಕುವವರು ಜಮೀನಿನ ಕಡತದಿಂದ ಆರಂಭಿಸಲಿ

ಮಾನ್ಯ ಸಂಪಾದಕರೇ,

ವಿದೇಶಗಳಲ್ಲಿ ಕುಟುಂಬದ ಮೂಲ ಹುಡುಕುವವರ ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಲೇಖನವು ಡಿಎನ್‌ಎ ಪರೀಕ್ಷೆಯ ಬಗ್ಗೆ ವಿವರವಾಗಿ ಬರೆದು, ಕಾಗದಪತ್ರಗಳನ್ನು ಒಂದೇ ಸಾಲಿನಲ್ಲಿ ಮುಗಿಸಿದೆ. ಕೆನಡಾದ ಸಸ್ಕಾಚೆವಾನ್‌ ಪ್ರಾಂತ್ಯದ ಸಣ್ಣ ರೈತ ಊರುಗಳ ಮಟ್ಟಿಗಾದರೂ ಈ ಹುಡುಕಾಟವನ್ನು ಜಮೀನಿನ ಕಡತದಿಂದಲೇ ಆರಂಭಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನನ್ನ ಸೊಸೆಯ ಮುತ್ತಜ್ಜ ಈಗಿನ ಪಶ್ಚಿಮ ಉಕ್ರೇನಿನಿಂದ ವಲಸೆ ಬಂದು ಯಾರ್ಕ್‌ಟನ್ ಸೀಮೆಯಲ್ಲಿ ಬೇಸಾಯಕ್ಕೆ ನಿಂತವರು. ಕಂದಾಯ ಇಲಾಖೆಯಲ್ಲಿ ಪಹಣಿ, ಚಕ್ಕುಬಂದಿ, ಮ್ಯುಟೇಶನ್‌ಗಳ ನಡುವೆಯೇ ಸೇವೆ ಮುಗಿಸಿದ ನಾನು ಅವರ ಕಡತವನ್ನು ಸೊಸೆಯೊಂದಿಗೆ ಕುಳಿತು ಓದಿದ್ದರಿಂದ ಈ ಮಾತು ಬರೆಯುತ್ತಿದ್ದೇನೆ.

1872ರ ಡೊಮಿನಿಯನ್ ಭೂ ಕಾಯ್ದೆಯಂತೆ 10 ಡಾಲರ್ ಶುಲ್ಕ ಕಟ್ಟಿದ ಅರ್ಹ ವಲಸಿಗನಿಗೆ 160 ಎಕರೆ ಸಿಗುತ್ತಿತ್ತು. ಆದರೆ ಆತ ಅಲ್ಲಿ ಮನೆ ಕಟ್ಟಿ, ವಾಸವಿದ್ದು, ನೆಲ ಒಡೆದು ಉತ್ತು, ಸಾಮಾನ್ಯವಾಗಿ ಮೂರು ವರ್ಷಗಳ ನಂತರ ಅದನ್ನೆಲ್ಲ ರುಜುವಾತುಪಡಿಸಿದರೆ ಮಾತ್ರ ಹಕ್ಕುಪತ್ರ ಕೈಸೇರುತ್ತಿತ್ತು. ಹಂಚಿಕೆಗೆಂದು ಸರ್ಕಾರವು ಬಯಲನ್ನೆಲ್ಲ ಆರು ಮೈಲಿ ಚೌಕದ ಟೌನ್‌ಶಿಪ್‌ಗಳಾಗಿಯೂ, ಒಂದೊಂದು ಟೌನ್‌ಶಿಪ್ಪನ್ನು 36 ಸೆಕ್ಷನ್‌ಗಳಾಗಿಯೂ, ಪ್ರತಿ ಸೆಕ್ಷನ್ನನ್ನು ತಲಾ 160 ಎಕರೆಯ ನಾಲ್ಕು ಕ್ವಾರ್ಟರ್‌ಗಳಾಗಿಯೂ ಅಳೆದಿತ್ತು. ಹೀಗಾಗಿ ಪ್ರತಿಯೊಂದು ಹೊಲಕ್ಕೂ ದಿಕ್ಕು, ಸೆಕ್ಷನ್, ಟೌನ್‌ಶಿಪ್, ರೇಂಜ್ (ಟೌನ್‌ಶಿಪ್‌ಗಳ ಉತ್ತರ-ದಕ್ಷಿಣ ಸಾಲು), ಮೆರಿಡಿಯನ್ (ಆ ಸಾಲುಗಳನ್ನು ಎಣಿಸುವ ಮೂಲ ರೇಖಾಂಶ) ಸೇರಿದ ಒಂದು ಗುರುತು ಇದೆ, ಅದು ಇಂದಿಗೂ ಬದಲಾಗಿಲ್ಲ.

ಹೆಸರಿಗೆ ಆ ಸ್ಥಿರತೆ ಇರಲಿಲ್ಲ. ಆ ಕಾಲದಲ್ಲಿ ಅವರು ಬಿಟ್ಟು ಬಂದ ಗಲೀಷಿಯಾ ಸೀಮೆ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಭಾಗವಾಗಿದ್ದುದರಿಂದ ಅಲ್ಲಿಂದ ಬಂದವರನ್ನು ದಾಖಲೆಗಳು ಒಮ್ಮೆ ಆಸ್ಟ್ರಿಯನ್, ಒಮ್ಮೆ ಗಲೀಷಿಯನ್, ಒಮ್ಮೆ ರುಥೇನಿಯನ್ (ಉಕ್ರೇನಿಯನ್ನರಿಗಿದ್ದ ಹಳೆಯ ಹೆಸರು) ಎಂದು ಕರೆಯುತ್ತವೆ. ಮನೆತನದ ಹೆಸರನ್ನಂತೂ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದಾರೆ. ನಮ್ಮ ಬೀಗರ ಮನೆತನದ ಹೆಸರು 1906ರ ಜನಗಣತಿಯಲ್ಲಿ ಒಂದು ರೀತಿ, 1916ರ ಗಣತಿಯಲ್ಲಿ ಇನ್ನೊಂದು ರೀತಿ ಇದೆ. ಆ ಹಾಳೆಗಳಲ್ಲಿ ಸೆಕ್ಷನ್, ಟೌನ್‌ಶಿಪ್‌ಗಳನ್ನೂ ನಮೂದಿಸಿದ್ದರಿಂದಲೇ ಎರಡೂ ಒಂದೇ ಮನೆಯವರ ಹೆಸರೆಂದು ಖಾತ್ರಿಯಾಯಿತು.

ಕಡತದೊಳಗೆ ಏನಿರುತ್ತದೆ ಎಂಬುದನ್ನು ಸ್ವಲ್ಪ ಹೇಳಲೇಬೇಕು. ಹಕ್ಕುಪತ್ರ ಬೇಡುವ ಅರ್ಜಿಯಲ್ಲಿ ಯಾವ ವರ್ಷ ಎಷ್ಟು ಎಕರೆ ಹೊಸದಾಗಿ ಒಡೆದರು, ಎಷ್ಟರಲ್ಲಿ ಬಿತ್ತಿದರು, ದನ ಎಷ್ಟು, ಕುದುರೆ ಎಷ್ಟು, ಮನೆಯ ಅಳತೆ ಏನು, ಬೆಲೆ ಏನು ಎಂಬುದಕ್ಕೆಲ್ಲ ಪ್ರಮಾಣಪೂರ್ವಕ ಉತ್ತರವಿದೆ. ನಾವು ಓದಿದ ಕಡತದಲ್ಲಿ ಮೊದಲ ವರ್ಷ ಉತ್ತದ್ದು ಬರೀ ನಾಲ್ಕು ಎಕರೆ, ಕುದುರೆಯ ಕಲಮಿನಲ್ಲಿ ಸೊನ್ನೆ, ಇದ್ದದ್ದು ಒಂದು ಜೊತೆ ಎತ್ತು. ರುಜು ಇರಬೇಕಾದಲ್ಲಿ ಅಡ್ಡಗೆರೆಗಳ ಗುರುತು. ನಮ್ಮ ಮಹಜರಿಗೆ ಪಂಚರು ಇರುವಂತೆ ಅಲ್ಲಿ ಇಬ್ಬರು ನೆರೆಯವರ ಹೇಳಿಕೆಯನ್ನೂ ಲಗತ್ತಿಸಿದ್ದರು. ಆ ಇಬ್ಬರಲ್ಲಿ ಒಬ್ಬರು ಮುತ್ತಜ್ಜಿಯ ಒಡಹುಟ್ಟಿದ ಅಣ್ಣನೆಂದು ಚರ್ಚಿನ ದಾಖಲೆಯಿಂದ ತಿಳಿದಾಗ, ಕುಟುಂಬದ ಇನ್ನೊಂದು ಕವಲೇ ತೆರೆದುಕೊಂಡಿತು. ಸಾಕ್ಷಿಗಳ ಹೆಸರನ್ನು ಬಿಟ್ಟು ಮುಂದೆ ಹೋಗುವವರು ಬಹಳ ಕಳೆದುಕೊಳ್ಳುತ್ತಾರೆ.

ಮುತ್ತಜ್ಜಿಯ ಹೆಸರು ಮಾತ್ರ ಆ ಕಡತದಲ್ಲಿ ಎಲ್ಲಿಯೂ ಇಲ್ಲ. ಗಂಡನಿರುವ ಹೆಂಗಸು ಈ ಜಮೀನಿಗೆ ಅರ್ಜಿ ಹಾಕುವಂತಿರಲಿಲ್ಲ. ವಿಧವೆಯರಂಥ, ತಾವೇ ಮನೆಯ ಯಜಮಾನಿಕೆ ಹೊತ್ತವರಿಗಷ್ಟೇ ಅವಕಾಶವಿತ್ತು. ಹೆಣ್ಣುಮಕ್ಕಳಿಗಾಗಿ ಚರ್ಚಿನ ಜ್ಞಾನಸ್ನಾನ, ಮದುವೆ, ಮರಣಗಳ ಪುಸ್ತಕವನ್ನೂ, ಊರ ಶಾಲೆಯ ಹಾಜರಿಯನ್ನೂ ನೋಡಬೇಕಾಗುತ್ತದೆ. 1980ರಲ್ಲಿ ಪ್ರಾಂತ್ಯಕ್ಕೆ 75 ವರ್ಷ ತುಂಬಿದ ಹೊತ್ತಿಗೆ ಅನೇಕ ಊರಿನವರು ತಾವೇ ಸೇರಿ ತಮ್ಮ ಊರ ಚರಿತ್ರೆ ಅಚ್ಚು ಹಾಕಿಸಿದರು. ಅವು ಅಮೂಲ್ಯವಾದವು. ಆದರೂ ಹೆಚ್ಚಿನವು ಊರಲ್ಲೇ ಉಳಿದವರು ಬರೆದುಕೊಂಡ ಕಥೆಗಳು, 1930ರ ದಶಕದ ಬರಗಾಲದಲ್ಲಿ ಹೊಲ ಬಿಟ್ಟು ಹೋದವರ ಸುದ್ದಿ ಅವುಗಳಲ್ಲಿ ವಿರಳ. ಸರ್ಕಾರವು ಮೂಲನಿವಾಸಿಗಳೊಂದಿಗೆ ಮಾಡಿಕೊಂಡ 1874ರ ನಾಲ್ಕನೇ ಒಪ್ಪಂದಕ್ಕೂ ಮೊದಲಿನಿಂದ ಅದೇ ನೆಲದಲ್ಲಿ ಬಾಳಿದ್ದ ಕ್ರೀ, ಸೋಟೋ ಮೊದಲಾದ ಜನರ ಕಥೆಯನ್ನು ಇಂಥ ಎಷ್ಟೋ ಪುಸ್ತಕಗಳು ಪೀಠಿಕೆಯಲ್ಲೇ ಮುಗಿಸಿಬಿಡುತ್ತವೆ. ವಂಶಾವಳಿ ಬರೆಯುವವರು ಈ ಕೊರತೆಯನ್ನು ಹಾಗೆಯೇ ನಕಲು ಮಾಡಬಾರದು.

ಜಮೀನಿನ ಕಡತಗಳು ಪ್ರಾಂತೀಯ ಪತ್ರಾಗಾರದಲ್ಲಿ ಭದ್ರವಾಗಿವೆ. ನನಗೆ ಕಳವಳವಿರುವುದು ಮನೆಗಳಲ್ಲಿ ಉಳಿದಿರುವ ಕಾಗದಗಳ ಬಗ್ಗೆ. ರೈಲಿನ ಕವಲು ಹಳಿಗಳು ಮುಚ್ಚಿ, ಧಾನ್ಯ ತುಂಬಿಡುವ ಎತ್ತರದ ಉಗ್ರಾಣಗಳಾದ ಎಲಿವೇಟರ್‌ಗಳು ನೆಲಕ್ಕುರುಳಿ, ಒಂದೇ ಕೋಣೆಯ ಶಾಲೆಗಳಿದ್ದ ಎಷ್ಟೋ ಕಡೆ ಹೆಸರಿನ ಫಲಕವಷ್ಟೇ ನಿಂತಿರುವ ಈ ಊರುಗಳಲ್ಲಿ, ಹಳೆಯ ಫೋಟೋದಲ್ಲಿರುವವರು ಯಾರೆಂದು ಗುರುತಿಸಬಲ್ಲವರು ತೊಂಬತ್ತರ ಆಸುಪಾಸಿನ ಕೆಲವರು ಮಾತ್ರ. ಪ್ರೇರಿ ಪ್ರಾಂತ್ಯಗಳಲ್ಲಿ ನೆಲೆಸಿರುವ, ಅಲ್ಲಿನ ಮನೆತನಗಳೊಂದಿಗೆ ಬೀಗತನ ಬೆಳೆಸಿರುವ ಕನ್ನಡಿಗರು ಇಂಥ ಹಿರಿಯರ ಬಳಿ ಈ ವರ್ಷವೇ ಕುಳಿತು, ಪ್ರತಿ ಫೋಟೋದ ಹಿಂದೆ ಪೆನ್ಸಿಲ್ಲಿನಿಂದ ಹೆಸರು ಮತ್ತು ಜಮೀನಿನ ಗುರುತು ಬರೆದು, ಒಂದು ಪ್ರತಿಯನ್ನು ಹತ್ತಿರದ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕಂದಾಯ ನೌಕರ, ತಿಪಟೂರು