ಗ್ಯಾಲರಿಯಲ್ಲಿ ಒಂದು ಗೋಡೆ ಬಿಟ್ಟುಕೊಡಿ

ಸಂಪಾದಕರಿಗೆ ನಮಸ್ಕಾರ.

ನಾನು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನವಳು, ದೀವರು ಸಮುದಾಯದ ಹೆಣ್ಣುಮಗಳು. ಮದುವೆಗೆ ಮನೆಯ ಗೋಡೆ ಮೇಲೆ ನಾವು ಬರೆಯುವ ಚಿತ್ರಕ್ಕೆ ಹಸೆ ಚಿತ್ತಾರ ಅನ್ನುತ್ತೇವೆ. ಅದನ್ನು ಅಮ್ಮ ಮತ್ತು ದೊಡ್ಡಮ್ಮನ ಪಕ್ಕ ಕೂತು ಕಲಿತೆ. ಮುಂದಿನ ತಿಂಗಳು ನಮ್ಮ ಕಡೆಯ ಗ್ಯಾಲರಿಯೊಂದರಲ್ಲಿ ಹತ್ತು ಜನ ಕಲಾವಿದರ ಪ್ರದರ್ಶನ ಇದೆ. ನನ್ನನ್ನೂ ಕರೆದಿದ್ದಾರೆ. ತುಂಬಾ ಖುಷಿ ಆಯ್ತು. ಜೊತೆಗೆ ಬಂದ ಕಾಗದದಲ್ಲಿ ನಿಯಮಗಳಿದ್ದವು. ಚಿತ್ರ 2 ಅಡಿ ಅಗಲ, 3 ಅಡಿ ಎತ್ತರ ಮೀರಬಾರದು. ಗಾಜಿನ ಫ್ರೇಮ್ ಇರಬೇಕು. ಗೋಡೆಗೆ ಏನೂ ಬಳಿಯುವಂತಿಲ್ಲ.

ನಮ್ಮ ಚಿತ್ತಾರ ಹುಟ್ಟಿದ್ದೇ ಗೋಡೆಯ ಮೇಲೆ ಅಲ್ವಾ? ಮದುವೆಯಲ್ಲಿ ಗಂಡು ಹೆಣ್ಣನ್ನು ಕೂರಿಸುವುದೇ ಆ ಹಸೆಗೋಡೆಯ ಮುಂದೆ.

ಆದರೂ ಒಂದು ತಿಂಗಳಿಂದ ಪ್ಲೈವುಡ್ ಮೇಲೆ ಬರೆಯಲು ನೋಡುತ್ತಿದ್ದೇನೆ. ಮೊದಲ ಹಲಗೆಗೆ ಸಗಣಿ ಕಲಸಿದ ಕೆಮ್ಮಣ್ಣು ಬಳಿದೆ. ಒಣಗುತ್ತಿದ್ದ ಹಾಗೇ ಹಪ್ಪಳದಂತೆ ಎದ್ದು ಬಂತು. ಮಣ್ಣಿನ ಗೋಡೆ ನೀರು ಕುಡಿಯುತ್ತದೆ, ಪ್ಲೈವುಡ್ ಅಷ್ಟು ಕುಡಿಯುವುದಿಲ್ಲ. ಎರಡನೆಯದಕ್ಕೆ ಅಪ್ಪನ ಹಳೆ ಪಂಚೆ ಅಂಟಿಸಿ, ತೆಳ್ಳಗೆ ಮೂರು ಸಲ ಬಳಿದೆ. ಅದು ನಿಂತಿದೆ. ಅಕ್ಕಿ ನೆನೆಸಿ ರುಬ್ಬಿ ಬಿಳಿ ಮಾಡಿಕೊಂಡೆ. ಕಪ್ಪಿಗೆ ಅಕ್ಕಿಯನ್ನೇ ಸೀದು ಹೋಗುವಷ್ಟು ಹುರಿಯಬೇಕು. ಹಳದಿ ಬರುವುದು ಗುರಿಗೆ ಬೀಜದಿಂದ. ಪುಂಡಿ ನಾರು ಜಜ್ಜಿ ಕುಂಚ ಮಾಡಿ, ಉಸಿರು ಬಿಗಿಹಿಡಿದು ಎಳೆ ಎಳೆದರೆ ಕೆಂಪಿನ ಮೇಲೆ ಬಿಳಿ ಗೆರೆ ಸಣ್ಣಗೆ ಉಬ್ಬಿ ನಿಲ್ಲುತ್ತದೆ. ಬೆರಳಿಗೆ ಸಿಗುತ್ತದೆ ಅದು. ಗಾಜು ಹಾಕಿಸಿ ತಂದ ಮೇಲೆ ನೋಡಿದರೆ ಆ ಉಬ್ಬು ಕಾಣಲೇ ಇಲ್ಲ. ಟ್ಯೂಬ್‌ಲೈಟೂ ನನ್ನ ಮುಖವೂ ಕಂಡವು. ಅವತ್ತು ರಾತ್ರಿ ಊಟ ಸೇರಲಿಲ್ಲ.

ಗ್ಯಾಲರಿಯವರ ಹತ್ತಿರ ಕೇಳಿದೆ. ಗೋಡೆ ಹಾಳಾಗುತ್ತದೆ, ಮೇಲಾಗಿ ಗೋಡೆ ಮೇಲಿನ ಚಿತ್ರ ಮಾರೋಕಾಗಲ್ಲ ಅಂದರು. ಮರ್ಯಾದೆಯಿಂದಲೇ ಹೇಳಿದರು, ಅವರ ಮೇಲೆ ಸಿಟ್ಟಿಲ್ಲ. ಮಾರಾಟಕ್ಕೆ ಫ್ರೇಮಿನದನ್ನು ಕೊಡುತ್ತೇನೆ. ಅದರ ಜೊತೆಗೆ ಮೂಲೆಯ ಒಂದು ಗೋಡೆ ಕೊಡಿ ಅನ್ನುವುದಷ್ಟೇ ನನ್ನ ಬೇಡಿಕೆ.

ಇದನ್ನು ಪತ್ರಿಕೆಗೆ ಬರೆಯಲು ಕಾರಣ ಇದೆ. ನಮ್ಮ ಊರಿನಲ್ಲೇ ಈಗ ಮಣ್ಣಿನ ಗೋಡೆ ಕಡಿಮೆ. ನಮ್ಮದೂ ಸಿಮೆಂಟಿನ ಮನೆ. ತಂಗಿಯ ಮದುವೆಗೆ ಡ್ರಾಯಿಂಗ್ ಶೀಟಿನ ಮೇಲೆ ಚಿತ್ತಾರ ಬರೆದು ಟೇಪ್ ಹಾಕಿ ಅಂಟಿಸಿದೆವು. ಸೆಕೆಗೆ ಒಂದು ಮೂಲೆ ಬಿಟ್ಟುಕೊಂಡು ಮಡಚಿತು, ದೊಡ್ಡಮ್ಮ ಶಾಸ್ತ್ರ ಮುಗಿಯುವ ತನಕ ಅದನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡೇ ನಿಂತಿದ್ದರು. ಭೂಮಿ ಹುಣ್ಣಿಮೆಯ ದಿನ ಹೊಲಕ್ಕೆ ಎಡೆ ಒಯ್ಯುವ ಬುಟ್ಟಿಯ ಮೇಲೆ ಚಿತ್ತಾರ ಬರೆಯುವುದು ಇನ್ನೂ ನಡೆದಿದೆ, ಪುಣ್ಯ. ಆದರೆ ಅಷ್ಟಗಲದ ಗೋಡೆಗೆ ಮೂರು ಜನ ಹೆಂಗಸರು ಒಟ್ಟಿಗೆ ಕೂತು, ಹಾಡು ಹೇಳಿಕೊಂಡು ಬರೆಯುವುದನ್ನು ನಮ್ಮ ಮಕ್ಕಳು ನೋಡೇ ಇಲ್ಲ. ದೊಡ್ಡಮ್ಮನಿಗೆ ಎಪ್ಪತ್ತು ದಾಟಿದೆ. ಕೈ ಇನ್ನೂ ನಡುಗುವುದಿಲ್ಲ. ಗೋಡೆ ಸಿಕ್ಕರೆ ಬರುತ್ತೇನೆ ಅಂದಿದ್ದಾರೆ.

ಜನಪದ ಕಲೆಯನ್ನು ಕರೆಯುವ ಎಲ್ಲ ಗ್ಯಾಲರಿಗಳಿಗೂ ಇದೇ ಮಾತು. ಕೆಮ್ಮಣ್ಣು, ಸಗಣಿ, ಪುಂಡಿ ನಾರು ನಾವೇ ತರುತ್ತೇವೆ. ನೆಲಕ್ಕೆ ಗೋಣಿಚೀಲ ಹಾಸಿಕೊಳ್ಳುತ್ತೇವೆ. ಉದ್ಘಾಟನೆಗೆ ಮೂರು ದಿನ ಮೊದಲು ಬಾಗಿಲು ತೆರೆದುಕೊಟ್ಟರೆ ಸಾಕು. ಪ್ರದರ್ಶನ ಮುಗಿದ ಮಾರನೇ ದಿನ ಗೋಡೆ ತೊಳೆದು, ಮೊದಲಿದ್ದ ಬಣ್ಣವನ್ನೇ ಹೊಡೆಸಿಕೊಡುತ್ತೇವೆ.

ಇಂತಿ,
ಸಾಗರ ತಾಲ್ಲೂಕಿನ ಒಬ್ಬ ಚಿತ್ತಾರಗಾರ್ತಿ