ಅಡಿಕೆ ಜೋಡಿಸಿ ಲೆಕ್ಕ ತೋರಿಸಿದ ಹಿರಿಯರಿಗೆ

ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಸಾಗರದ ಬಸ್ಸಿಗೆ ಕಾಯುವಾಗ ನನ್ನ ಮಗಳ ಪಕ್ಕ ಕೂತಿದ್ದ ಹಿರಿಯರೇ, ಹೆಸರು ಕೇಳುವಷ್ಟರಲ್ಲಿ ಬಸ್ ಬಂದುಬಿಟ್ಟಿತು. ಹಾಗಾಗಿ ಇಲ್ಲೇ ಧನ್ಯವಾದ ಹೇಳುತ್ತಿದ್ದೇನೆ.

1, 3, 5, 7 ಹೀಗೆ ಬೆಸಸಂಖ್ಯೆಗಳನ್ನು ಕೂಡುತ್ತಾ ಹೋದರೆ 1, 4, 9, 16 ಅಂತ ವರ್ಗಸಂಖ್ಯೆಗಳೇ ಬರುತ್ತವೆ. ಅವಳಿಗೆ ಸೂತ್ರ ಬಾಯಿಪಾಠ ಇತ್ತು, ಯಾಕೆ ಅನ್ನೋದು ಗೊತ್ತಿರಲಿಲ್ಲ. ನೀವು ಚೀಲದಿಂದ ಬೆಟ್ಟೆ ಅಡಿಕೆ ತೆಗೆದು ಬೆಂಚಿನ ಮೇಲೆ ಒಂದನ್ನು ಇಟ್ಟಿರಿ. ಅದರ ಬಲಕ್ಕೆ, ಕೆಳಕ್ಕೆ, ಮೂಲೆಗೆ ಒಟ್ಟು ಮೂರು. ಚೌಕ ಆಯ್ತು. ಅದರ ಎರಡು ಬದಿಗೆ ಸುತ್ತಿ ಐದು. ಮತ್ತೆ ಚೌಕ! ಏಳನ್ನು ಎಲ್ಲಿಡಬೇಕು ಅಂತ ನೀವು ಹೇಳಲೇ ಇಲ್ಲ, ಅವಳೇ ಇಟ್ಟಳು. "ಹೀಗೇ ಎಷ್ಟು ಬೇಕಾದ್ರೂ ಹೋಗುತ್ತೆ ಅಲ್ವಾ ಅಜ್ಜ?" ಅಂದಳು.

ಗಣಿತದ ಚಂದ ಇದೇ ಅಂತ ನನಗನ್ನಿಸುತ್ತದೆ. ಉತ್ತರ ಸರಿ ಬಂದರೆ ಸಾಲದು, ಯಾಕೆ ಸರಿ ಅಂತ ಕಣ್ಣಿಗೆ ಕಾಣಬೇಕು. ಪ್ರಾಚೀನ ಗ್ರೀಕರು ಸಣ್ಣ ಕಲ್ಲು ಜೋಡಿಸಿ ಇದನ್ನೇ ನೋಡಿದ್ದರು. ಕೇರಳದ ಗಣಿತಜ್ಞ ನೀಲಕಂಠ ಸೋಮಯಾಜಿ 1500ರ ಆಸುಪಾಸಿನಲ್ಲಿ ಶ್ರೇಢಿಗಳ, ಅಂದರೆ ಒಂದು ನಿಯಮದಂತೆ ಸಾಗುವ ಸಂಖ್ಯೆಗಳ ಸಾಲಿನ, ಮೊತ್ತವನ್ನು ಆಕೃತಿ ಜೋಡಿಸಿಯೇ ವಿವರಿಸಿದ್ದರು. ಪರೀಕ್ಷೆಯ ಅವಸರದಲ್ಲಿ ನಾವು ಮಕ್ಕಳಿಗೆ ಇದನ್ನು ತೋರಿಸೋದೇ ಕಡಿಮೆ. ಅದು ದೊಡ್ಡ ನಷ್ಟ.

ಈಗ ಅವಳ ತಲೆಯಲ್ಲಿ ಘನಸಂಖ್ಯೆಗಳು. 1, 8, 27 ಕೂಡಿದರೆ 36, ಅದೂ ವರ್ಗವೇ. ಇದಕ್ಕೂ ಚಿತ್ರ ಇದೆಯಾ ಅಂತ ಅಡಿಕೆ ಹರಡಿಕೊಂಡು ಕೂತಿದ್ದಾಳೆ. ಸಾಗರದ ಕಡೆ ಬಂದರೆ ದಯವಿಟ್ಟು ಮನೆಗೆ ಬನ್ನಿ, ಊಟ ಮಾಡಿಕೊಂಡೇ ಹೋಗಬೇಕು.